ಅದು ಹೊನಗೊನೆ ಅಲ್ಲ

ಆ ಪುಟವನ್ನು ಅಳಿಸಿಹಾಕು ಎಂದು ನನಗೆ ಮೂರು ಸಲ ಹೇಳಿದರು. ಮೂರು ಸಲವೂ ನಾನು ಅಳಿಸಲಿಲ್ಲ. ಎಷ್ಟೋ ವರ್ಷಗಳ ಮೇಲೆ ಆ ಪುಟವಿದ್ದ ಇಂಟರ್ನೆಟ್ ತಾಣವನ್ನು ನಡೆಸುತ್ತಿದ್ದವರೇ ಅಂಗಡಿ ಮುಚ್ಚಿಕೊಂಡು ಹೋದರು, ಅದು ಬೇರೆ ಮಾತು. ಈಗ ಊರಿಗೆಲ್ಲ ಫೋನಿನಲ್ಲೇ ಪಾಠ. ಸಿಕ್ಕವರು, "ನೀವು ಆಗ್ಲೇ ಮಾಡಿದ್ರಂತಲ್ಲ ಮೇಡಂ, ಎಂಥಾ ದೂರದೃಷ್ಟಿ!" ಎಂದು ಹೊಗಳುತ್ತಾರೆ. ದೂರದೃಷ್ಟಿಯೂ ಇಲ್ಲ, ಮಣ್ಣೂ ಇಲ್ಲ. ಆಗ ನನಗಿದ್ದದ್ದು ಬರೀ ಸಿಟ್ಟು.

ಮಲ್ಲೇಶ್ವರದ ಒಂದು ಹಳೆಯ ಕಾಲೇಜಿನಲ್ಲಿ ನಾನು ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಕಾಯಂ ಅಲ್ಲ. ಪ್ರತಿ ಜೂನ್‌ನಲ್ಲಿ ಕರೆದರೆ ಉಂಟು, ಕರೆಯದಿದ್ದರೆ ಇಲ್ಲ ಎನ್ನುವಂಥ ಕೆಲಸ. ನಾನು ಬಿಎಸ್ಸಿ ಓದಿದ್ದೂ ಅಲ್ಲಿಯೇ, ವಿಭಾಗದ ಮುಖ್ಯಸ್ಥರು ನನ್ನ ಮೇಷ್ಟ್ರೇ. ಭೂತಗನ್ನಡಿಯನ್ನು ಕಣ್ಣಿಗೆ ಒತ್ತಿ ಹಿಡಿದು ಹೂವನ್ನು ಅದರ ಹತ್ತಿರ ತರಬೇಕು ಎಂದು ಕೈ ಹಿಡಿದು ಕಲಿಸಿದವರು. ಈ ಬರಹದಲ್ಲಿ ಅವರ ಮೇಲೆ ಎಗರಾಡಲಿದ್ದೇನೆ, ನಿಜ. ಆದರೆ ಒಂದು ಎಲೆಯನ್ನು ಅವರಷ್ಟು ಚೆನ್ನಾಗಿ ಬಿಡಿಸಿ ಹೇಳಿದವರನ್ನು ನಾನು ಮತ್ತೆ ಕಾಣಲಿಲ್ಲ.

ನಮ್ಮಲ್ಲಿ ಪ್ರತಿ ವಿದ್ಯಾರ್ಥಿಯೂ ಮೂವತ್ತು ಗಿಡಗಳನ್ನು ತಂದು, ಹಳೇ ಪೇಪರಿನ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಹೊಲಿದು, ಮೂಲೆಯಲ್ಲಿ ಗಿಡದ ಹೆಸರಿನ ಚೀಟಿ ಅಂಟಿಸಿ ಒಪ್ಪಿಸಬೇಕಿತ್ತು. ಇದಕ್ಕೆ ಹರ್ಬೇರಿಯಂ ಎನ್ನುತ್ತಾರೆ. ಇದು ನಿಯಮ. ನಡೆಯುತ್ತಿದ್ದುದು ಬೇರೆ. ಸೀನಿಯರ್ ತನ್ನ ಫೈಲನ್ನು ಜೂನಿಯರ್‌ಗೆ ದಾಟಿಸುತ್ತಿದ್ದ, ಅವನು ಫೈಲಿನ ಮೇಲಿನ ಹೆಸರು ಬದಲಿಸಿ ತನ್ನದೆಂದು ಒಪ್ಪಿಸುತ್ತಿದ್ದ, ಮರುವರ್ಷ ಅದು ಇನ್ನೊಬ್ಬನ ಪಾಲು. ಯಾವ ಗಿಡ ಎಂದು ಅನುಮಾನ ಬಂದರೆ ವಿಭಾಗದ ಬೀರುವಿನಲ್ಲಿದ್ದ ಹಳೆಯ ಹಾಳೆಗಳನ್ನು ನೋಡಿ ಹೆಸರು ನಕಲು ಮಾಡಿಕೊಳ್ಳುವುದು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ.

ಒಂದು ವರ್ಷ ಫೈಲುಗಳನ್ನು ತಿದ್ದುತ್ತಾ ಕುಳಿತಿದ್ದಾಗ ಒಂದು ತುಂಬೆ ಗಿಡದ ಮೇಲೆ ನನ್ನ ಕಣ್ಣು ನಿಂತಿತು. ಹಾಳೆಗೆ ಹೊಲಿದಿದ್ದ ಕೆಂಪು ದಾರ ನಮ್ಮಮ್ಮ ರವಿಕೆಗೆಂದು ತಂದಿಟ್ಟದ್ದು. ಚಾಮರಾಜಪೇಟೆಯ ನಮ್ಮ ಮನೆಯ ಹಿಂದಿನ ಸಂದಿಯಲ್ಲಿ ನಾನೇ ಕಿತ್ತ ಗಿಡ ಅದು. ಹದಿನಾಲ್ಕು ವರ್ಷಗಳಿಂದ ಕೈಯಿಂದ ಕೈಗೆ ಹೋಗಿ, ಈಗ ಹುಡುಗನೊಬ್ಬ ಅದನ್ನು ಕಳೆದ ತಿಂಗಳು ತಾನು ಕಿತ್ತದ್ದು ಎಂದು ನನಗೇ ಒಪ್ಪಿಸಿದ್ದ. ಮೊದಲು ನಕ್ಕೆ. ಆಮೇಲೆ ಮೈಯೆಲ್ಲ ಉರಿಯಿತು. ಕಾಲೇಜಿನ ಗೇಟಿನಲ್ಲೇ ನಿಂತಿರುವ ಹೊಂಗೆ ಮರ ಯಾವುದೆಂದು ಈ ಮಕ್ಕಳಿಗೆ ಗೊತ್ತಿಲ್ಲ, ಹರ್ಬೇರಿಯಂಗೆ ಮಾತ್ರ ಪೂರ್ತಿ ಅಂಕ.

ಆಗ ಫೋನುಗಳಿಗೆ ಕ್ಯಾಮೆರಾ ಬಂದ ಹೊಸತು. ಹುಡುಗರೆಲ್ಲ ಪಾಠ ಬಿಟ್ಟು ಸೈಬರ್ ಕೆಫೆಯಲ್ಲಿ ಕೂತು, ಗೆಳೆತನದ ತಾಣವೊಂದರಲ್ಲಿ ಒಬ್ಬರ ಪುಟದಲ್ಲೊಬ್ಬರು ಸ್ಕ್ರ್ಯಾಪ್ ಎಂಬ ಚುಟುಕು ಸಂದೇಶ ಬರೆದುಕೊಳ್ಳುತ್ತಿದ್ದ ಕಾಲ. ಹೇಗೂ ಅಲ್ಲೇ ಬಿದ್ದಿರುತ್ತೀರಲ್ಲ, ಅಲ್ಲಿಗೇ ಬರುತ್ತೇನೆ ಎಂದುಕೊಂಡೆ. ಆ ತಾಣದಲ್ಲಿ ಕೊನೆಯ ವರ್ಷದ ನನ್ನ ಇಪ್ಪತ್ತಾರು ಮಕ್ಕಳಿಗೆ ಮಾತ್ರ ಎಂದು ಒಂದು ಕಮ್ಯುನಿಟಿ ಪುಟ ತೆರೆದೆ. ನಿಯಮ ಎರಡೇ. ವಾರಕ್ಕೊಂದು ಗಿಡದ ಫೋಟೋ ಹಾಕಬೇಕು, ಅದು ನಿಮ್ಮ ಬೀದಿಯದ್ದೇ ಆಗಿರಬೇಕು. ಉಳಿದವರು ಅದು ಯಾವ ಗಿಡವೆಂದು ಕಾರಣ ಸಮೇತ ಹೇಳಬೇಕು. "ಸುಮ್ನೆ ಹೆಸರು ಹೇಳಿದ್ರೆ ಒಪ್ಪಲ್ಲ, ಯಾಕೆ ಅಂತ ಬರೀರಿ" ಎಂದು ದಪ್ಪಕ್ಷರದಲ್ಲಿ ಹಾಕಿದ್ದೆ.

ಮೊದಲ ವಾರ ಹನ್ನೊಂದು ಗುಲಾಬಿ ಬಂದವು. ಒಂದರ ಕೆಳಗೂ ಸಸ್ಯಶಾಸ್ತ್ರದ ಮಾತಿರಲಿಲ್ಲ. ಎರಡನೇ ವಾರ ಒಬ್ಬ ಮಹಾಶಯ ಹಲ್ಲಿನ ಡಾಕ್ಟರ ಕೋಣೆಯಲ್ಲಿದ್ದ ಪ್ಲಾಸ್ಟಿಕ್ ಗಿಡದ ಫೋಟೋ ಹಾಕಿದ; ಅದು ಪ್ಲಾಸ್ಟಿಕ್ ಎಂದು ಪತ್ತೆಯಾಗುವ ಮೊದಲು ಮೂವರು ಅದರ ಕುಲಗೋತ್ರ ಹೇಳಿಯಾಗಿತ್ತು. ಆ ದಿನದಿಂದ ಪುಟಕ್ಕೆ ಜೀವ ಬಂತು. ಮೋಸ ಹೋದವರು ಮೂವರೂ ಹಟಕ್ಕೆ ಬಿದ್ದರು. ಬಸವನಗುಡಿಯಿಂದ ಬರುತ್ತಿದ್ದವಳು ದೊಡ್ಡ ಮರಗಳ ತೊಗಟೆಯನ್ನಷ್ಟೇ ತೆಗೆದು ಹಾಕಿ ಎಲ್ಲರ ತಲೆ ತಿನ್ನುತ್ತಿದ್ದಳು. ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ಜಗಳವಾಡುತ್ತಿದ್ದರು. "ಲೇ ಮಗಾ, ಎಲೆ ಎದುರುಬದುರು ಇದೆ ನೋಡೋ, ಕಣ್ಣು ಕಾಣಲ್ವಾ?" ಎಂಬ ಸಾಲನ್ನು ಓದಿ ನನಗೆ ಎಷ್ಟು ಸಂತೋಷವಾಯಿತೆಂದರೆ, ಕೆಫೆಯಲ್ಲಿ ಪಕ್ಕ ಕೂತಿದ್ದವನು ನನ್ನತ್ತ ತಿರುಗಿ ನೋಡಿದ.

ನಮ್ಮ ತರಗತಿಯ ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ ಇದ್ದಳು. ಮನೆ ಮತ್ತಿಕೆರೆಯ ಆಚೆ. ಅವಳ ಅಮ್ಮ ಎಂಟನೇ ಕ್ರಾಸಿನ ಫುಟ್‌ಪಾತ್ ಮೇಲೆ ಸೊಪ್ಪು ಮಾರುತ್ತಿದ್ದರು. ಕನ್ನಡ ಶಾಲೆಯಿಂದ ಬಂದವಳು; ನಮ್ಮ ಪಾಠವೆಲ್ಲ ಇಂಗ್ಲಿಷ್. ಎರಡೂವರೆ ವರ್ಷದಲ್ಲಿ ಅವಳು ತರಗತಿಯಲ್ಲಿ "ಪ್ರೆಸೆಂಟ್ ಮೇಡಂ" ಬಿಟ್ಟು ಇನ್ನೊಂದು ಮಾತಾಡಿದ್ದು ನನಗೆ ನೆನಪಿಲ್ಲ. ಓದಿನಲ್ಲಿ ಸಾಧಾರಣ ಎಂದು ನಾನೇ ತೀರ್ಮಾನಿಸಿಬಿಟ್ಟಿದ್ದೆ.

ಒಂದು ವಾರ ಅವಳು ಗೆಳತಿಯ ಫೋನ್ ಇಸಿದುಕೊಂಡು ತೆಗೆದ ಫೋಟೋ ಹಾಕಿದಳು. ಗೋಣಿಚೀಲದ ಮೇಲೆ ಬಿಚ್ಚಿ ಹರಡಿದ ಒಂದು ಕಟ್ಟು ಬೆರಕೆ ಸೊಪ್ಪು. ಮಸ್ಸೊಪ್ಪು ಸಾರಿಗೆಂದು ನಾವೆಲ್ಲ ವಾರವಾರ ಕೊಳ್ಳುತ್ತಿದ್ದೆವಲ್ಲ, ಹೊಲ ತೋಟದ ಬದಿಯ ಹತ್ತಾರು ಸೊಪ್ಪು ಕಲಸಿ ಕಟ್ಟಿದ್ದು, ಅದೇ. ಕೆಳಗೆ ಒಂದೇ ಸಾಲು: "ಇದರಲ್ಲಿ ಹನ್ನೆರಡು ಗಿಡ ಇದೆ. ಹೇಳಿ."

ಯಾರಿಗೂ ಐದು ದಾಟಲಾಗಲಿಲ್ಲ. ನನಗೆ ಏಳು. ಎರಡು ದಿನ ಕಾದು ಅವಳು ಒಂದೊಂದಾಗಿ ಬರೆಯತೊಡಗಿದಳು. ಅಣ್ಣೆ, ಗಣಿಕೆ, ಗೋಣಿಸೊಪ್ಪು, ಕೀರೆ. ಯಾವುದರ ಎಲೆ ಹೊಸಕಿದರೆ ಏನು ವಾಸನೆ, ಯಾವುದರ ಕಾಂಡ ಮುರಿದರೆ ನಾರು ಬರುತ್ತದೆ, ಎಲ್ಲಕ್ಕೂ ಕಾರಣ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ನಮ್ಮ ತರಗತಿಯ ಕೊನೆಯ ಬೆಂಚು ಹಾಗೇ ಆಗಿತ್ತು. ನನಗೆ ನಾಚಿಕೆಯಾಯಿತು. ಅಂದಿನಿಂದ ಹುಡುಗರು ಯಾವುದೇ ಸಂಶಯಕ್ಕೂ ನನ್ನನ್ನು ಬಿಟ್ಟು ಅವಳನ್ನು ಕೇಳತೊಡಗಿದರು, ಅವಳು ಅಮ್ಮನನ್ನು ಕೇಳಿ ಬಂದು ಬರೆಯುತ್ತಿದ್ದಳು.

ಇಷ್ಟರಲ್ಲಿ ಓಕಳಿಪುರಂನ ಹುಡುಗನೊಬ್ಬ ರೈಲ್ವೆ ಹಳಿಯ ಪಕ್ಕದ ಚರಂಡಿಯಲ್ಲಿ ಬೆಳೆದಿದ್ದ ಗಿಡವೊಂದರ ಫೋಟೋ ಹಾಕಿದ. ಬಿಳಿ ಹೂವಿನ ಪುಟ್ಟ ಉಂಡೆಗಳು. ನೋಡಿದ ತಕ್ಷಣ "ಹೊನಗೊನೆ. ಕಣ್ಣಿಗೆ ಒಳ್ಳೇದು ಅಂತ ತಿಂತೀವಲ್ಲ, ಅದೇ" ಎಂದು ಬರೆದೆ. ಅನುಮಾನವೇ ಇರಲಿಲ್ಲ. ವಿಭಾಗದ ಬೀರುವಿನಲ್ಲಿ ಅದೇ ಗಿಡದ ಹಾಳೆ ಇತ್ತು, ಮೂಲೆಯ ಚೀಟಿಯಲ್ಲಿ ಹೊನಗೊನೆ ಎಂದೇ ಇತ್ತು. ನನ್ನ ಕಾಲದಲ್ಲೂ ಪರೀಕ್ಷೆಗೆ ಅದನ್ನು ಇಟ್ಟಿದ್ದರು, ನಾನು ಹಾಗೆಯೇ ಬರೆದು ಅಂಕ ತೆಗೆದುಕೊಂಡಿದ್ದೆ.

ಮರುದಿನ ನನ್ನ ಉತ್ತರದ ಕೆಳಗೆ ಅವಳ ಸಾಲುಗಳಿದ್ದವು. "ಕ್ಷಮಿಸಿ ಮೇಡಂ. ಅದು ಹೊನಗೊನೆ ಅಲ್ಲ. ಹೊನಗೊನೆಗೆ ಹೂವು ಎಲೆ ಬುಡದಲ್ಲೇ ಕಾಂಡಕ್ಕೆ ಅಂಟ್ಕೊಂಡು ಕೂತಿರತ್ತೆ. ಇದಕ್ಕೆ ಉದ್ದ ತೊಟ್ಟಿದೆ. ಕಾಂಡಾನೂ ಪೊಳ್ಳು. ನಮ್ಮಮ್ಮ ಇದನ್ನ ಕಟ್ಟಿಗೆ ಸೇರಿಸಲ್ಲ."

ಸುಳ್ಳೇಕೆ, ನನಗೆ ಕೋಪ ಬಂತು. ಇಪ್ಪತ್ತಾರು ಜನರ ಎದುರಿಗೆ! ಅವಳ ತಪ್ಪು ತೋರಿಸಬೇಕೆಂದೇ ಬೆಳಗ್ಗೆ ಬೇಗ ಹೋಗಿ ಬೀರುವಿನಿಂದ ಆ ಹಾಳೆ ತೆಗೆದೆ. ಭೂತಗನ್ನಡಿ ಹಿಡಿದೆ. ಒಣಗಿ ಕಂದಾಗಿದ್ದ ಒಂದೊಂದು ಹೂವಿನ ಉಂಡೆಗೂ ಉದ್ದನೆಯ ತೊಟ್ಟಿತ್ತು. ಚೀಟಿಯಲ್ಲಿ ಮೇಷ್ಟ್ರ ಮುದ್ದಾದ ಅಕ್ಷರ: ಹೊನಗೊನೆ, ಸ್ಯಾಂಕಿ ಕೆರೆಯ ಅಂಚು. ಅವರು ಕೆಲಸಕ್ಕೆ ಸೇರಿದ ಮೊದಲ ವರ್ಷ ಪ್ಯಾಂಟು ಮಡಚಿ ನೀರಿಗಿಳಿದು ಕಿತ್ತು ತಂದ ಗಿಡವೆಂದು ನಮಗೆಲ್ಲ ಎಷ್ಟೋ ಸಲ ಹೇಳಿದ್ದರು. ಆ ದಿನದಿಂದ ಈ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದವರೆಲ್ಲ ಈ ಹಾಳೆ ನೋಡಿಯೇ ಹೊನಗೊನೆ ಕಲಿತಿದ್ದೆವು. ಮನೆಗೆ ಹೋಗಿ ನಿಜವಾದ ಹೊನಗೊನೆಯ ಪಲ್ಯ ತಿಂದಿದ್ದೆವು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದವರು ಒಬ್ಬರೂ ಇಲ್ಲ.

ಸಂಜೆ ಎಂಟನೇ ಕ್ರಾಸಿಗೆ ಹೋಗಿ ಅವಳ ಅಮ್ಮನ ಹತ್ತಿರ ಒಂದು ಕಟ್ಟು ಹೊನಗೊನೆ ಕೊಂಡೆ. "ಹೂ ಬಿಟ್ಟಿರೋದು ಯಾಕವ್ವಾ ನಿಂಗೆ, ಎಳೇದು ತಗೋ" ಎಂದರು. ಹೂವಿದ್ದದ್ದೇ ಬೇಕೆಂದು ಹಟ ಹಿಡಿದು ತಂದೆ. ಹೂವು ಕಾಂಡಕ್ಕೆ ಅಂಟಿಕೊಂಡು ಕೂತಿತ್ತು. ಅವತ್ತೇ ಪುಟದಲ್ಲಿ ಬರೆದೆ: "ಅವಳು ಹೇಳಿದ್ದು ಸರಿ. ನಾನು ಹೇಳಿದ್ದು ತಪ್ಪು. ನಮ್ಮ ವಿಭಾಗದ ಹಾಳೆಯೂ ತಪ್ಪು." ಮೂರನೆಯ ಸಾಲನ್ನು ಬರೆಯದೆ ಇರಬಹುದಿತ್ತು. ಬರೆದದ್ದಕ್ಕೆ ಇವತ್ತಿಗೂ ವಿಷಾದವಿಲ್ಲ.

ನಾಲ್ಕು ದಿನದಲ್ಲಿ ಸುದ್ದಿ ಮೇಷ್ಟ್ರಿಗೆ ಮುಟ್ಟಿತು. ಅವರಿಗೆ ಕಂಪ್ಯೂಟರ್ ಆಗದು. ಯಾರೋ ಹುಡುಗನ ಖಾತೆ ತೆರೆಸಿ, ಆಫೀಸಿನ ಗುಮಾಸ್ತರಿಂದ ಇಡೀ ಪುಟವನ್ನು ಪ್ರಿಂಟ್ ಹಾಕಿಸಿ, ಟ್ಯಾಗ್ ದಾರ ಪೋಣಿಸಿ, ಫೈಲು ಮಾಡಿ ಇಟ್ಟುಕೊಂಡಿದ್ದರು. "ಲೇ ಮಗಾ" ಎಂದಿದ್ದಲ್ಲೆಲ್ಲ ಕೆಂಪು ಶಾಯಿಯ ಗೆರೆ.

"ಏನಮ್ಮಾ ಇದು? ಹುಡುಗ ಹುಡುಗಿ ಸೇರ್ಕೊಂಡು ಕಂಪ್ಯೂಟರ್‌ನಲ್ಲಿ ಹರಟೆ ಹೊಡೆಯೋದು, ಅದಕ್ಕೆ ಪಾಠ ಅಂತ ಹೆಸರಾ?"

"ಸರ್, ಆ ಹಾಳೆ ಒಂದ್ಸಲ ನೋಡಿ. ಹೂವಿಗೆ ತೊಟ್ಟಿದೆ."

"ನಾನು ಕಿತ್ತಿದ್ದು ನನಗೆ ಗೊತ್ತಿಲ್ವಾ? ಮೊದ್ಲು ಆ ಪುಟ ತೆಗೆದುಹಾಕು."

"ತೆಗಿಯಲ್ಲ ಸರ್."

ನನ್ನ ಬಾಯಿಂದ ಆ ಮಾತು ಬಂದದ್ದಕ್ಕೆ ನನಗೇ ಆಶ್ಚರ್ಯವಾಯಿತು. ಅವರ ಎದುರಿಗೆ ಅಲ್ಲಿಯವರೆಗೆ ನಾನು ಕುರ್ಚಿಯಲ್ಲಿ ಕೂತವಳೂ ಅಲ್ಲ. ಎರಡನೇ ಸಲ ಪ್ರಾಂಶುಪಾಲರು ಕರೆಸಿ ಹೇಳಿದರು. ತಪ್ಪು ತೋರಿಸಿಕೊಟ್ಟರೆ ತಿದ್ದಿಕೊಳ್ಳುತ್ತೇನೆ, ತಪ್ಪು ಹುಡುಕುವ ಜಾಗವನ್ನೇ ಮುಚ್ಚುವುದಿಲ್ಲ ಎಂದೆ. ಮೂರನೇ ಸಲ ಕಾಗದದಲ್ಲಿ ಬಂತು, ಮೊಹರು ಸಮೇತ. ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡೆ.

ನನ್ನ ಕೆಲಸ ಹೋದರೆ ಹೋಗಲಿ ಎನ್ನುವ ಧೈರ್ಯ ಸುಲಭದ್ದು. ಮೇಷ್ಟ್ರು ಕೈ ಇಟ್ಟದ್ದು ಬೇರೆ ಕಡೆ. ಪ್ರಾಕ್ಟಿಕಲ್ ಪರೀಕ್ಷೆಗೆ ಒಳಗಿನ ಪರೀಕ್ಷಕರು ಅವರೇ. ಗಿಡಗಳನ್ನೂ ಹಾಳೆಗಳನ್ನೂ ಸಾಲಾಗಿ ಇಡುತ್ತಾರೆ, ಗಂಟೆ ಹೊಡೆದಂತೆ ಒಂದೊಂದರ ಮುಂದೆ ನಿಂತು ಹೆಸರೂ ಕಾರಣವೂ ಬರೆಯಬೇಕು. "ಆ ಹಾಳೇನೇ ಇಡ್ತೀನಿ. ಯಾರು ಏನು ಬರೀತಾರೋ ನೋಡ್ತೀನಿ. ರೆಕಾರ್ಡ್ ಅಂಕಾನೂ ನನ್ನ ಕೈಲೇ ಇದೆ" ಎಂದು ತರಗತಿಯಲ್ಲೇ ಹೇಳಿದರು. ಹೇಳುವಾಗ ಕೊನೆಯ ಬೆಂಚನ್ನೇ ನೋಡುತ್ತಿದ್ದರು. ಆ ಹುಡುಗಿಗೆ ಎಂಎಸ್ಸಿ ಸೀಟು ಸಿಗಬೇಕಾದರೆ ಪ್ರಾಕ್ಟಿಕಲ್‌ನಲ್ಲಿ ಒಳ್ಳೆಯ ಅಂಕ ಬರಲೇಬೇಕಿತ್ತು. ಸರ್ಕಾರಿ ಸೀಟು ಸಿಕ್ಕರೆ ಓದು, ಇಲ್ಲದಿದ್ದರೆ ಮದುವೆ ಎಂದು ಅವಳ ಅಪ್ಪ ಹೇಳಿಬಿಟ್ಟಿದ್ದರು. ಗಂಡಿನ ಕಡೆಯವರು ಒಂದು ಸಲ ಬಂದು ನೋಡಿಕೊಂಡೂ ಹೋಗಿದ್ದರು.

ನಾನು ಹೆದರಿದೆ. ಅವಳನ್ನು ಕಾರಿಡಾರಿನಲ್ಲಿ ನಿಲ್ಲಿಸಿ, "ಪರೀಕ್ಷೇಲಿ ಹೊನಗೊನೆ ಅಂತ್ಲೇ ಬರೆದ್ಬಿಡು. ಒಂದು ಹೆಸರು ತಾನೆ. ಸೀಟು ಸಿಗ್ಲಿ, ಆಮೇಲೆ ನೋಡ್ಕೊಳೋಣ" ಎಂದೆ.

"ಮೇಡಂ, ನಮ್ಮಮ್ಮಂಗೆ ಓದೋಕೆ ಬರಲ್ಲ. ಅವಳಿಗೆ ಗೊತ್ತಿರೋದು ಇದೊಂದೇ. ನಾನು ಡಿಗ್ರಿ ತಗೊಳ್ಳೋಕೆ ಅದೂ ಸುಳ್ಳು ಅಂತ ಬರೀಬೇಕಾ?" ಎಂದಳು. ಅದೇ ಮೊದಲ ಸಲ ಅವಳು ನನ್ನೆದುರು ನಿಂತು ಇಷ್ಟು ಮಾತಾಡಿದ್ದು.

ಪರೀಕ್ಷೆಗೆ ಮೂರು ದಿನವಿರುವಾಗ ಅವಳು ಪುಟದಲ್ಲಿ ಬರೆದಳು: "ನಾನು ಗೊತ್ತಿರೋದನ್ನೇ ಬರೀತೀನಿ. ನೀವು ನಿಮಗೆ ಬೇಕಾದ್ದು ಬರೀರಿ, ನನಗೇನೂ ಬೇಜಾರಿಲ್ಲ." ಪ್ಲಾಸ್ಟಿಕ್ ಗಿಡದ ಬಗ್ಗೆ ನಲವತ್ತು ಮಾತಾಡಿದ ಆ ಪುಟದಲ್ಲಿ ಇದಕ್ಕೆ ಒಬ್ಬರೂ ಉತ್ತರಿಸಲಿಲ್ಲ. ಮೇಷ್ಟ್ರು ಪ್ರಿಂಟ್ ಹಾಕಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅವಳೊಬ್ಬಳೇ ನಿಂತಿದ್ದಳು. ಮೊಹರಿನ ಕಾಗದ ಬ್ಯಾಗಿನಲ್ಲಿರುವಾಗಲೇ ನಾನು ಕೆಳಗೆ ಟೈಪು ಮಾಡಿದೆ: "ಕಾರಿಡಾರಿನಲ್ಲಿ ನಾನು ನಿನಗೆ ಹೇಳಿದ್ದು ತಪ್ಪು. ಎಲ್ಲರೂ ಗೊತ್ತಿರೋದನ್ನೇ ಬರೀರಿ." ಬೇಕಾದರೆ ಅದನ್ನೂ ಪ್ರಿಂಟ್ ಹಾಕಿಸಿಕೊಳ್ಳಲಿ ಎಂದುಕೊಂಡೆ.

ಪರೀಕ್ಷೆಯ ದಿನ ಲ್ಯಾಬಿನಲ್ಲಿ ಗಂಟೆ ಹೊಡೆಯುವ ಕೆಲಸ ನನ್ನದು. ಹೇಳಿದ ಹಾಗೆ ಮೇಷ್ಟ್ರು ಆ ಹಾಳೆಯನ್ನು ಏಳನೇ ಜಾಗದಲ್ಲಿ ಇಟ್ಟಿದ್ದರು. ಅವಳು ಅದರ ಮುಂದೆ ನಿಂತಾಗ ಅವರೂ ಎದುರಿಗೇ ನಿಂತರು. ಅವಳು ಬರೆದಳು. ಗಂಟೆ ಹೊಡೆದೆ. ಮುಂದಕ್ಕೆ ಹೋದಳು. ಅವಳ ಹಿಂದೆ ಪ್ಲಾಸ್ಟಿಕ್ ಗಿಡದವನು ಬಂದ, ಅವನೂ ಹಾಳೆಯ ಮೇಲೆ ಬಗ್ಗಿ ಏನೋ ಉದ್ದಕ್ಕೆ ಬರೆದ.

ಮಧ್ಯಾಹ್ನ ಉತ್ತರ ತಿದ್ದುವಾಗ ಹೊರಗಿನಿಂದ ಬಂದಿದ್ದ ಪರೀಕ್ಷಕರು ತಲೆ ಎತ್ತಿದರು. "ಸರ್, ಏಳನೇದಕ್ಕೆ ಹತ್ತೊಂಬತ್ತು ಜನ ಹೊನಗೊನೆ ಅಲ್ಲ ಅಂತ ಬರೆದಿದಾರೆ. ಒಬ್ಬೊಬ್ರು ಒಂದೊಂದು ಥರ ಕಾರಣ ಕೊಟ್ಟಿದಾರೆ. ನಕಲು ಅಲ್ಲ ಇದು."

"ಕಂಪ್ಯೂಟರ್ ಮುಂದೆ ಕೂತು ಎಲ್ಲಾ ಒಟ್ಟಿಗೆ ಕೆಟ್ಟಿದಾರೆ ಸರ್" ಎಂದರು ಮೇಷ್ಟ್ರು.

ಹೊರಗಿನವರು ಹಾಳೆ ತರಿಸಿದರು. ಮೌಖಿಕ ಪರೀಕ್ಷೆಗೆ ಆ ಹುಡುಗಿಯನ್ನೇ ಮೊದಲು ಕರೆದರು. "ಯಾಕೆ ಅಲ್ಲ, ಹೇಳಮ್ಮ. ಕನ್ನಡದಲ್ಲೇ ಹೇಳು" ಎಂದರು. ಅವಳು ಭೂತಗನ್ನಡಿ ಅವರ ಕೈಗೆ ಕೊಟ್ಟು, ತೊಟ್ಟು ಎಲ್ಲಿದೆ ಎಂದು ಪೆನ್ಸಿಲ್ ತುದಿಯಲ್ಲಿ ತೋರಿಸಿದಳು. ಅವರು ನೋಡಿದರು, ಇನ್ನೊಮ್ಮೆ ನೋಡಿದರು, ಭೂತಗನ್ನಡಿಯನ್ನು ಮೇಷ್ಟ್ರ ಕಡೆ ಚಾಚಿದರು. ಮೇಷ್ಟ್ರು ತೆಗೆದುಕೊಳ್ಳಲಿಲ್ಲ.

ಕೊನೆಗೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬಂತೆ ತೀರ್ಮಾನವಾಯಿತು. ಹೊನಗೊನೆ ಎಂದವರಿಗೂ ಅಂಕ, ಅಲ್ಲ ಎಂದವರಿಗೂ ಅಂಕ. ಹೊರಗಿನವರು ಎದುರಿಗೇ ಕೂತಿದ್ದರಿಂದ ರೆಕಾರ್ಡ್ ಅಂಕಕ್ಕೂ ಕೈ ಹಾಕಲಾಗಲಿಲ್ಲ. ಅವಳ ಅಂಕ ಉಳಿಯಿತು. ಮುಂದೆ ಸೀಟೂ ಸಿಕ್ಕಿತು, ಗಂಡಿನ ಕಡೆಯವರಿಗೆ ಬೇರೆ ಹುಡುಗಿ ಸಿಕ್ಕಳು. ಜೂನ್‌ನಲ್ಲಿ ನನಗೆ ಕರೆ ಬರುವುದಿಲ್ಲ ಎಂದು ಅವತ್ತೇ ಗೊತ್ತಿತ್ತು, ಬರಲಿಲ್ಲ.

ಆದರೆ ಅಂದು ಎಲ್ಲರೂ ಕಾಫಿಗೆ ಹೋದ ಮೇಲೆ ಹಾಳೆಗಳನ್ನು ಬೀರುವಿಗೆ ಜೋಡಿಸುವಾಗ ನನಗೆ ಸಮಾಧಾನವೇ ಆಗಲಿಲ್ಲ. ಎರಡೂ ಸರಿ ಎಂದರೆ ಏನರ್ಥ? ಮುಂದಿನ ವರ್ಷದ ಮಕ್ಕಳು ಬಂದು ಮತ್ತೆ ಇದೇ ಚೀಟಿ ನೋಡಿ ಹೊನಗೊನೆ ಎಂದು ಬರೆದುಕೊಳ್ಳುತ್ತಾರೆ. ಗೇಟಿನ ಹತ್ತಿರ ಅಮ್ಮನಿಗಾಗಿ ಕಾಯುತ್ತಿದ್ದ ಅವಳನ್ನು ವಾಪಸ್ ಕರೆದೆ.

ಹರ್ಬೇರಿಯಂ ನಡೆಸುವವರಲ್ಲಿ ಒಂದು ಪದ್ಧತಿಯಿದೆ. ಹಾಳೆಯ ಮೇಲಿನ ಹೆಸರು ತಪ್ಪೆಂದು ತಿಳಿದರೆ ಹಳೆಯ ಚೀಟಿಯನ್ನು ಹೊಡೆದುಹಾಕಬಾರದು, ಕೀಳಬಾರದು. ಪಕ್ಕದಲ್ಲಿ ಇನ್ನೊಂದು ಚೀಟಿ ಅಂಟಿಸಿ, ಸರಿಯಾದ ಹೆಸರು ಬರೆದು, ಗುರುತಿಸಿದವರು ಯಾರೆಂದು ರುಜು ಹಾಕಬೇಕು. ಯಾರು ಏನೆಂದು ತಿಳಿದಿದ್ದರು ಎನ್ನುವುದೆಲ್ಲ ಹಾಳೆಯ ಮೇಲೇ ಉಳಿಯಬೇಕು. ನಾನು ಚೀಟಿ ಕತ್ತರಿಸಿದೆ; ಅದು ಹೊನಗೊನೆಯ ಕುಲದ್ದೇ ಇನ್ನೊಂದು ನೀರುಕಳೆ, ಪುಸ್ತಕ ನೋಡಿ ಕಂಡುಕೊಂಡಿದ್ದ ಅದರ ಹೆಸರನ್ನು ಅವಳು ಬರೆದಳು. "ನೀವು ರುಜು ಹಾಕಿ ಮೇಡಂ" ಎಂದಳು. "ಕಂಡುಹಿಡಿದಿದ್ದು ನಾನಾ?" ಎಂದು ಗದರಿದೆ. ಅವಳು ತನ್ನ ಹೆಸರು ಬರೆದು, ಕೆಳಗೆ ಇನ್ನೂ ಒಂದು ಸಾಲು ಸೇರಿಸಿ ಅಮ್ಮನ ಹೆಸರನ್ನೂ ಬರೆದಳು. ಗೋಂದು ಹಚ್ಚಿ ಒತ್ತುತ್ತಿರುವಾಗ ಮೇಷ್ಟ್ರು ಒಳಗೆ ಬಂದರು.

"ಏನದು?"

"ಓದಿ ಸರ್."

ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದರು. ಎರಡು ಹೆಸರನ್ನೂ ಓದಿದರು. ಮುಖ ಕೆಂಪಾಯಿತು. "ಕಿತ್ತು ಹಾಕು ಇದನ್ನ."

"ಅಂಟಿಸಿದ ಚೀಟಿ ಕೀಳಬಾರದು ಅಂತ ಕಲಿಸಿದ್ದು ನೀವೇ ಸರ್. ಅದಕ್ಕೇ ನಿಮ್ಮದನ್ನೂ ಮುಟ್ಟಿಲ್ಲ."

ಹುಡುಗಿ ಬೆರಳಿನ ಗೋಂದನ್ನು ಒರೆಸಿಕೊಳ್ಳದೆ ನಿಂತಿದ್ದಳು, ತಲೆ ತಗ್ಗಿಸಲಿಲ್ಲ. ಮೇಷ್ಟ್ರು ಎರಡು ಚೀಟಿಗಳ ಸಮೇತ ಹಾಳೆಯನ್ನು ಬೀರುವಿನಲ್ಲಿ ಅದರ ಜಾಗಕ್ಕೇ ಇಟ್ಟು ಬೀಗ ಹಾಕಿದರು.